ಹವಾಮಾನ ಮಾಹಿತಿ: ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ



ನಾಳೆ ಮಳೆ ಎಂದು ಇಂದೇ ತಿಳಿದರೆ ಒಣಹುಲ್ಲನ್ನು ನೆನೆಯದಂತೆ ಮುಚ್ಚಬಹುದು. ಬಿಸಿಲು ಏರುವುದೆಂದು ತಿಳಿದರೆ ಮಿಶ್ರತಳಿ ಹಸುವಿನ ಮೈಗೆ ಮಧ್ಯಾಹ್ನ ನೀರು ಹಾಕಿ, ಮೇವನ್ನು ಬೆಳಿಗ್ಗೆ, ಸಂಜೆಯ ತಂಪಿನಲ್ಲಿ ಕೊಡಬಹುದು. ಸೆಕೆಗೆ ಹಸು ಮೇವು ಬಿಟ್ಟರೆ ಹಾಲೂ ಇಳಿಯುತ್ತದೆ, ನಿಮ್ಮ ಬಿಲ್ಲೂ ಇಳಿಯುತ್ತದೆ. ಇಷ್ಟು ಬೆಲೆಯುಳ್ಳ ಮಾಹಿತಿಯನ್ನು ಈಗ ಕಂಪನಿಗಳೂ ಮಾರುತ್ತಿವೆ.

ಸರ್ಕಾರ ಮತ್ತು ಕಂಪನಿ ಏಕೆ ಕೈಜೋಡಿಸುತ್ತವೆ?

ಮಳೆ, ಉಷ್ಣಾಂಶ, ತೇವಾಂಶ, ಗಾಳಿ ಅಳೆಯುವ ಯಂತ್ರಗಳನ್ನು ಊರೂರಲ್ಲಿ ಹಾಕಿ ನೋಡಿಕೊಳ್ಳಲು ದೊಡ್ಡ ಖರ್ಚು. ನೆರೆಯ ಮಹಾರಾಷ್ಟ್ರದಲ್ಲಿ 2017ರಲ್ಲಿ ಆರಂಭವಾದ ‘ಮಹಾವೇಧ್’ ಯೋಜನೆಯಲ್ಲಿ ಈ ಖರ್ಚನ್ನು ಹಂಚಿಕೊಂಡರು. ಜಾಗ ಸರ್ಕಾರದ್ದು. ಯಂತ್ರ ಹಾಕಿ ನಡೆಸುವ ಹೊಣೆ ಸ್ಕೈಮೆಟ್ ಕಂಪನಿಯದು. ಹೀಗೆ 2,000ಕ್ಕೂ ಹೆಚ್ಚು ಕೇಂದ್ರಗಳು ಬಂದವು. ಅಳತೆಯ ವಿವರ ಸರ್ಕಾರಕ್ಕೆ ಸಿಗುತ್ತದೆ. ಕಂಪನಿಯು ಅದೇ ವಿವರವನ್ನು ಬೇರೆಯವರಿಗೆ ಮಾರಿ ಹಾಕಿದ ಬಂಡವಾಳ ವಾಪಸ್ ಪಡೆಯುತ್ತದೆ.

ನಮ್ಮಲ್ಲಿ ಉಚಿತವಾಗಿ ಸಿಗುವುದು

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಹಾಕಿದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ (92433 45433) ಕರೆ ಮಾಡಿ ನಿಮ್ಮ ಊರಿನ ಮಳೆ ಮುನ್ಸೂಚನೆ ಕೇಳಬಹುದು. ‘ಮೇಘದೂತ್’ ಆ್ಯಪ್‌ನಲ್ಲಿ ಕೃಷಿ, ಜಾನುವಾರು ಸಲಹೆ ಕನ್ನಡದಲ್ಲೇ ಸಿಗುತ್ತದೆ. ‘ದಾಮಿನಿ’ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಬಂದ ಕೂಡಲೇ ಮರದಡಿ ಕಟ್ಟಿದ ರಾಸುಗಳನ್ನು ಕೊಟ್ಟಿಗೆಗೆ ತನ್ನಿ.

ಯಾರಾದರೂ ಹಣ ಕೇಳಿದರೆ ಹೀಗೆ ಕೇಳಿ

1. ನಿಮ್ಮ ಅಳತೆ ಯಂತ್ರ ನಮ್ಮೂರಿನಿಂದ ಎಷ್ಟು ದೂರದಲ್ಲಿದೆ? ಮುಂಗಾರು ಪೂರ್ವದ ಗುಡುಗು ಮಳೆ ಒಂದೂರಲ್ಲಿ ಸುರಿದು ಪಕ್ಕದೂರಲ್ಲಿ ಹನಿಯೂ ಬೀಳದಿರಬಹುದು.

2. ಉಚಿತವಾಗಿ ಸಿಗುವುದಕ್ಕಿಂತ ಹೆಚ್ಚೇನು ಕೊಡುತ್ತೀರಿ? ಸೆಕೆ ಏರಿದಾಗ ಹಸುವಿಗೆ ಏನು ಮಾಡಬೇಕೆಂದು ಹೇಳುತ್ತೀರಾ?

3. ನನ್ನ ಫೋನ್ ನಂಬರು, ರಾಸುಗಳ ಲೆಕ್ಕ ಯಾರಿಗೆಲ್ಲ ಹೋಗುತ್ತದೆ? ಒಟಿಪಿ ಕೇಳಿದರೆ ಕೊಡಲೇಬೇಡಿ.

ಉತ್ತರ ಸರಿ ಎನಿಸಿದರೂ ಒಬ್ಬೊಬ್ಬರೇ ಹಣ ಕಟ್ಟಬೇಡಿ. ಸಂಘದ ಸಭೆಯಲ್ಲಿ ವಿಷಯ ಇಡಿ. ಎಲ್ಲರೂ ಸೇರಿ ಕೇಳಿದರೆ ದರವೂ ಇಳಿಯಬಹುದು. ಹಾಲಿನ ಬಿಲ್ಲಿನಲ್ಲಿ ಶುಲ್ಕ ಹಿಡಿಯುವುದಾದರೆ ನಿಮ್ಮ ಲಿಖಿತ ಒಪ್ಪಿಗೆ ಇರಲಿ.

ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಕೆಲಸವಿದೆ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಆ ದಿನದ ಮುನ್ಸೂಚನೆಯನ್ನು ಸಂಘದ ಫಲಕದಲ್ಲಿ ಬರೆಯುವಂತೆ ಕಾರ್ಯದರ್ಶಿಯವರನ್ನು ಕೇಳಿ. ಕೈಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರಿಗೂ ಸುದ್ದಿ ಮುಟ್ಟುತ್ತದೆ.