ಬೂಸ: ಒಂದು ಮಾತು, ಒಂದು ಗಲಭೆ

ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆಯನ್ನು ನೋಡಿ ಬಂದವರಿಗೆ ಬೂಸ ಎಂದರೇನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೃಷ್ಣರಾಜನಗರದ ಸೀಮೆಯಲ್ಲಿ ಕಾವೇರಿಯು ಬಂಡೆಗಳ ಮೇಲಿಂದ ಧುಮುಕುವೆಡೆಯಲ್ಲಿ, ಕೋದಂಡರಾಮನ ಗುಡಿಯ ಆಸುಪಾಸಿನ ಬಯಲಿನಲ್ಲಿ, ಹಳ್ಳಿಕಾರ್ ತಳಿಯ ಜೋಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯಿಂದ ರೈತರು ಬಂದು ನೆರೆಯುತ್ತಾರೆ. ಮಾರಾಟಕ್ಕೆಂದು ತಂದ ಎತ್ತಿಗೆ ಅದರ ಒಡೆಯನು ತಾನು ಉಣ್ಣುವ ಮುನ್ನವೇ ಹಿಂಡಿ ಬೂಸ ಕಲಸಿಡುತ್ತಾನೆ. ಕಾಳಿನ ತಿರುಳನ್ನು ಮನುಷ್ಯನು ತನಗೆಂದು ತೆಗೆದುಕೊಂಡ ಮೇಲೆ ಉಳಿಯುವ ಹೊಟ್ಟು, ಸಿಪ್ಪೆಗಳೇ ಬೂಸ. ಅದನ್ನು ದನಗಳು ತಿನ್ನುತ್ತವೆ, ಮನುಷ್ಯನು ತಿನ್ನುವುದಿಲ್ಲ. ಇಷ್ಟಾದರೂ ರೈತನ ಬಾಯಿಯಲ್ಲಿ ಆ ಮಾತು ಬೈಗುಳವಲ್ಲ. ದುಡ್ಡು ಕೊಟ್ಟು ಕೊಳ್ಳುವ ಪದಾರ್ಥವನ್ನು ಯಾರೂ ಬೈಗುಳವಾಗಿ ಬಳಸುವುದಿಲ್ಲ.

1973ರ ನವೆಂಬರ್ 19ರಂದು ಈ ಮಾತು ಕೊಟ್ಟಿಗೆಯನ್ನು ಬಿಟ್ಟು ಮೈಸೂರು ನಗರದ ಸಭೆಯೊಂದನ್ನು ಪ್ರವೇಶಿಸಿತು. ಅಂದಿನ ಸರ್ಕಾರದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಭಾಷಣ ಮಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸ ತುಂಬಿದೆಯೆಂಬ ಅರ್ಥದ ಮಾತನ್ನಾಡಿದರು. ದಲಿತ ವಿದ್ಯಾರ್ಥಿಗಳು ಇಂಗ್ಲಿಷನ್ನು ಕಲಿಯುವುದು ಲೇಸೆಂದರು. ಮಾತು ಸಭೆಯಿಂದ ಬೀದಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರಬಂದರು. ಮೆರವಣಿಗೆಗಳು ಹೊರಟುವು. ಮಂತ್ರಿಗಳು ಕ್ಷಮೆ ಕೇಳಬೇಕು, ಪದವಿಯನ್ನು ತ್ಯಜಿಸಬೇಕು ಎಂಬ ಕೂಗು ಮೈಸೂರಿನಿಂದ ಬೆಂಗಳೂರಿಗೆ, ಅಲ್ಲಿಂದ ಬೇರೆ ಊರುಗಳಿಗೆ ಹಬ್ಬಿತು. ಕೂಗು ಕೂಗಾಗಿಯೇ ಉಳಿದಿದ್ದರೆ ಇಂದು ಅದನ್ನು ನೆನೆಯುವವರು ವಿರಳವಾಗುತ್ತಿದ್ದರು. ಆದರೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದುವು. ಅವರು ವಾಸವಾಗಿದ್ದ ವಿದ್ಯಾರ್ಥಿನಿಲಯಗಳಲ್ಲಿ ಭಯವು ಮನೆಮಾಡಿತು. ಭಾಷಣ ಮಾಡಿದವರು ಮಂತ್ರಿಗಳು; ಪೆಟ್ಟು ತಿಂದವರು ಪುಸ್ತಕ ಹಿಡಿದು ಓದಲೆಂದು ಹಳ್ಳಿಗಳಿಂದ ಬಂದ ಹುಡುಗರು. ಡಿಸೆಂಬರಿನಲ್ಲಿ ಬಸವಲಿಂಗಪ್ಪನವರು ರಾಜೀನಾಮೆಯನ್ನಿತ್ತರು.

ಈ ಘಟನೆಗೆ ಎರಡು ಹೆಸರುಗಳುಂಟು. ಕೆಲವರು ಅದನ್ನು ‘ಬೂಸ ಗಲಭೆ’ ಎನ್ನುತ್ತಾರೆ, ಕೆಲವರು ‘ಬೂಸ ಚಳವಳಿ’ ಎನ್ನುತ್ತಾರೆ. ಯಾವ ಮನೆಯಲ್ಲಿ ಯಾವ ಹೆಸರು ನಡೆಯುತ್ತದೆಂಬುದನ್ನು ಗಮನಿಸಿದರೆ, ಆ ಮನೆಯ ಹಿರಿಯರು ಅಂದು ಎಲ್ಲಿ ನಿಂತು ಅದನ್ನು ನೋಡಿದರೆಂಬುದನ್ನು ಸುಮಾರಾಗಿ ಊಹಿಸಬಹುದು.

ಪ್ರತಿಭಟಿಸಿದವರ ಕೋಪವೆಲ್ಲ ಸುಳ್ಳೆಂದು ತಳ್ಳಿಬಿಡುವುದು ನ್ಯಾಯವಾಗಲಾರದು. ಆ ತಿಂಗಳ ವಿಶೇಷವನ್ನು ಮರೆಯಬಾರದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ತಳೆದಿದ್ದಿತು. ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾಗಿ, ಹದಿನೇಳು ವರ್ಷ ಕಾದು, ಕಡೆಗೆ ತನ್ನ ಹೆಸರಿನಿಂದ ಕರೆಯಿಸಿಕೊಂಡಿದ್ದಿತು. ತೋರಣಗಳು ಬಾಡಿದ್ದುವೋ ಇಲ್ಲವೋ, ಹದಿನೆಂಟೇ ದಿನಗಳಲ್ಲಿ ಆ ನಾಡಿನ ಮಂತ್ರಿಯೊಬ್ಬರೇ ಕನ್ನಡದ ಸಾಹಿತ್ಯವನ್ನು ಬೂಸವೆಂದರೆಂಬ ಸುದ್ದಿ ಬಂದಿತು. ಕನ್ನಡವು ತನ್ನ ನೆಲದಲ್ಲಿಯೇ ಪರಕೀಯವಾಗಿದೆಯೆಂದು ಬಹುಕಾಲ ನೊಂದಿದ್ದ ಮನಸ್ಸುಗಳಿಗೆ ಅದು ಬರೆಯನ್ನೆಳೆದಂತಾಯಿತು. ಪಂಪ, ಕುಮಾರವ್ಯಾಸರನ್ನು ಮನಸಾರೆ ಓದಿದವನಿಗೆ ಅಂತಹ ಮಾತು ನೋವನ್ನುಂಟುಮಾಡುವುದು ಸಹಜ. ಆ ನೋವಿಗೆ ಜಾತಿಯಿಲ್ಲ.

ಆದರೆ ಇನ್ನೊಂದು ಕಡೆಯಿಂದ ನೋಡಬೇಕು. ಬಸವಲಿಂಗಪ್ಪನವರು ಪೌರಾಡಳಿತವನ್ನು ನೋಡಿಕೊಳ್ಳುತ್ತಿದ್ದ ಮಂತ್ರಿಗಳು. ತಲೆಯ ಮೇಲೆ ಮಲವನ್ನು ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಹೊರಟ ಕೀರ್ತಿ ಅವರದು. ನಗರಗಳ ಹಿತ್ತಿಲ ಬಾಗಿಲಿನಿಂದ ಬಂದು ಹೋಗುವ ಆ ಜನ ಹೊತ್ತ ಬುಟ್ಟಿಯನ್ನು ಸಾವಿರ ವರ್ಷಗಳ ಕಾವ್ಯದಲ್ಲಿ ಎಷ್ಟು ಮಂದಿ ಕವಿಗಳು ಕಂಡರು? ಅವರ ಪ್ರಶ್ನೆಯ ತಿರುಳು ಇದು. ತಿರುಳನ್ನು ಬಿಟ್ಟು ಜನ ಹೊಟ್ಟನ್ನು ಹಿಡಿದು ಜಗಳವಾಡಿದರು. ಮಂತ್ರಿಗಳು ಆರಿಸಿಕೊಂಡ ಪದ ಒರಟಾಗಿತ್ತೆಂಬುದು ನಿಜ. ಅವರ ತೀರ್ಪು ಸಾಹಿತ್ಯವಿಮರ್ಶೆಯ ದೃಷ್ಟಿಯಿಂದ ಅರೆ ಸತ್ಯವೆಂಬುದೂ ನಿಜ. ಆದರೆ ವಿಮರ್ಶೆಗೆ ಉತ್ತರ ವಿಮರ್ಶೆಯೇ ಹೊರತು ಕಲ್ಲಲ್ಲ. ಕುಮಾರವ್ಯಾಸನ ಮಾನವನ್ನು ಉಳಿಸುವುದಕ್ಕೆಂದು ವಿದ್ಯಾರ್ಥಿನಿಲಯದ ಹುಡುಗನನ್ನು ಹೊಡೆದವನು ಕುಮಾರವ್ಯಾಸನನ್ನು ಎಷ್ಟು ಓದಿದ್ದನೋ ಆ ದೇವರೇ ಬಲ್ಲ.

ವಿಚಿತ್ರವೆಂದರೆ, ಕನ್ನಡ ಸಾಹಿತ್ಯದ ಹೆಸರಿನಲ್ಲಿ ಗಲಭೆ ನಡೆಯುತ್ತಿದ್ದಾಗ ಆ ಸಾಹಿತ್ಯದ ಅಗ್ರಗಣ್ಯರಾದ ಕುವೆಂಪು ಅವರು ಬಸವಲಿಂಗಪ್ಪನವರ ಪರವಾಗಿ ನಿಂತರು. ಅವರಿಗೆ ಅದು ಹೊಸದಲ್ಲ. 1928ರಷ್ಟು ಹಿಂದೆಯೇ ಅವರು ‘ಜಲಗಾರ’ವೆಂಬ ನಾಟಕವನ್ನು ಬರೆದು, ಬೀದಿ ಗುಡಿಸುವವನ ಮುಂದೆ ಶಿವನನ್ನು ಜಲಗಾರನ ವೇಷದಲ್ಲಿಯೇ ತಂದು ನಿಲ್ಲಿಸಿದ್ದರು. ಬುಟ್ಟಿಯನ್ನು ಕಂಡ ಕವಿ ಕನ್ನಡದಲ್ಲಿ ಒಬ್ಬರಾದರೂ ಇದ್ದರು. ಬುಟ್ಟಿಯನ್ನು ಇಳಿಸಹೊರಟ ಮಂತ್ರಿಯ ಸಿಟ್ಟು ಅವರಿಗೆ ಅರ್ಥವಾದುದರಲ್ಲಿ ಆಶ್ಚರ್ಯವೇನು?

ಇದೆಲ್ಲ ನಡೆದಾಗ ಮುಖ್ಯಮಂತ್ರಿಗಳಾಗಿದ್ದವರು ದೇವರಾಜ ಅರಸರು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಹಿಂದುಳಿದ ವರ್ಗಗಳಿಗಾಗಿ ಹಾವನೂರ್ ಆಯೋಗವನ್ನು ನೇಮಿಸಿದವರೂ, 1974ರಲ್ಲಿ ಭೂಸುಧಾರಣೆಯ ಕಾಯಿದೆಯನ್ನು ಜಾರಿಗೆ ತಂದವರೂ ಅವರೇ. ಅಂಥವರ ಮಂತ್ರಿಮಂಡಲದಿಂದಲೇ ದಲಿತ ಮಂತ್ರಿಯೊಬ್ಬರು ಒಂದು ಮಾತಿಗಾಗಿ ಹೊರನಡೆಯಬೇಕಾಯಿತು. ಬೀದಿಯ ಬಲವೆಂದರೆ ಹಾಗೆ. ಅದು ಬಲಿಷ್ಠ ಮುಖ್ಯಮಂತ್ರಿಯನ್ನೂ ಲೆಕ್ಕಿಸುವುದಿಲ್ಲ.

ಗಲಭೆ, ಚಳವಳಿಗಳ ಬಗೆಗೆ ಮಧ್ಯಮ ವರ್ಗದ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: ‘ಅವರು ಕೇಳುವುದು ಸರಿ, ಕೇಳುವ ರೀತಿ ಸರಿಯಲ್ಲ.’ ಬಸವಲಿಂಗಪ್ಪನವರ ವಿಷಯದಲ್ಲಿಯೂ ಅನೇಕ ಸಜ್ಜನರು ಹೀಗೆಯೇ ಅಂದರು. ಸ್ವಲ್ಪ ಮೆತ್ತಗೆ ಹೇಳಿದ್ದರೆ ಆಗುತ್ತಿರಲಿಲ್ಲವೆ? ಆದರೆ ಮೆತ್ತಗೆ ಹೇಳಿದವರ ಮಾತನ್ನು ಕೇಳಿಸಿಕೊಂಡ ಕಿವಿಗಳು ಎಷ್ಟಿದ್ದುವು ಎಂಬ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ. ಕಡಲಾಚೆಯ ಅಮೆರಿಕದಲ್ಲಿ ಕರಿಯರ ಹಕ್ಕುಗಳ ಹೋರಾಟ ನಡೆದಾಗಲೂ ಈ ಮಾತು ಅಕ್ಷರಶಃ ಹೀಗೆಯೇ ಕೇಳಿಬಂದಿತು. 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಸೆರೆಮನೆಯಿಂದ ಬರೆದ ಪತ್ರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು, ತಮ್ಮನ್ನು ಬಹಿರಂಗವಾಗಿ ದ್ವೇಷಿಸುವವರಿಗಿಂತ, ಗುರಿಯನ್ನು ಒಪ್ಪಿ ದಾರಿಯನ್ನು ಒಪ್ಪದ ಈ ಸಜ್ಜನರೇ ದೊಡ್ಡ ಅಡ್ಡಿಯೇನೋ ಎಂದು ನೊಂದು ಬರೆದರು. ಅವರು ಗಾಂಧೀಜಿಯ ಅಹಿಂಸೆಯನ್ನು ಒಪ್ಪಿದವರು, ಎಂದೂ ಕಲ್ಲನ್ನು ಮುಟ್ಟದವರು ಎಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. 1967ರ ಬೇಸಗೆಯಲ್ಲಿ ಡೆಟ್ರಾಯಿಟ್ ಮುಂತಾದ ನಗರಗಳು ಹೊತ್ತಿ ಉರಿದಾಗ ಅಧ್ಯಕ್ಷ ಜಾನ್ಸನ್ನರು ನೇಮಿಸಿದ ಕರ್ನರ್ ಆಯೋಗವು, ಮರುವರ್ಷ ಸಲ್ಲಿಸಿದ ವರದಿಯಲ್ಲಿ, ಬೆಂಕಿಯ ಮೂಲವನ್ನು ಬಿಳಿಯರ ಜನಾಂಗದ್ವೇಷದಲ್ಲಿ ಗುರುತಿಸಿತು. ಸರ್ಕಾರ ನೇಮಿಸಿದ ಆಯೋಗವು ಸರ್ಕಾರಕ್ಕೆ ಹಿತವಾಗದ ಮಾತನ್ನಾಡುವುದು ಅಪರೂಪ. ಅದಕ್ಕಾಗಿಯೇ ಅದು ಇಂದಿಗೂ ಉಲ್ಲೇಖಿಸಲ್ಪಡುತ್ತದೆ. 2020ರಲ್ಲಿ ಮಿನಿಯಾಪೊಲಿಸಿನಲ್ಲಿ ಪೊಲೀಸನೊಬ್ಬನ ಮೊಣಕಾಲಿನಡಿಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಅದೇ ವಾದವು ಅದೇ ಶಬ್ದಗಳಲ್ಲಿ ಮತ್ತೆ ನಡೆಯಿತು.

ಅಲ್ಲಿಯ ಮಾತು ಇಲ್ಲಿಗೇಕೆ ಎನ್ನುವಂತಿಲ್ಲ. ಈ ಎರಡು ದುಃಖಗಳ ಬಳಕೆ ಹಳೆಯದು. ಜ್ಯೋತಿರಾವ್ ಫುಲೆ ಅವರು 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ಅರ್ಪಿಸಿದುದು ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಜನತೆಗೆ. ಬೂಸ ಗಲಭೆಗೆ ಸರಿಯಾಗಿ ನೂರು ವರ್ಷಗಳ ಹಿಂದಿನ ಮಾತು ಅದು. 1959ರಲ್ಲಿ ಕಿಂಗ್ ಅವರು ಭಾರತಕ್ಕೆ ಬಂದಾಗ, ಕೇರಳದ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ದಲಿತ ಮಕ್ಕಳಿಗೆ ಅಮೆರಿಕದ ಅಸ್ಪೃಶ್ಯರೆಂದು ಪರಿಚಯ ಮಾಡಿಕೊಟ್ಟರಂತೆ. ಕೇಳಿದ ಕ್ಷಣ ಕಿಂಗ್ ಅವರಿಗೆ ಮುಜುಗರವಾಯಿತು. ಆಮೇಲೆ ಯೋಚಿಸಿ, ಹೌದು, ನಾನೂ ಅಸ್ಪೃಶ್ಯನೇ ಎಂದುಕೊಂಡರು. 1972ರಲ್ಲಿ ಮುಂಬಯಿಯ ತರುಣರು ಕಟ್ಟಿದ ‘ದಲಿತ್ ಪ್ಯಾಂಥರ್ಸ್’ ತನ್ನ ಹೆಸರನ್ನು ಅಮೆರಿಕದ ‘ಬ್ಲ್ಯಾಕ್ ಪ್ಯಾಂಥರ್’ ಪಕ್ಷದಿಂದ ಪಡೆಯಿತು. ಅದರ ಮರುವರ್ಷವೇ ಮೈಸೂರಿನ ಭಾಷಣ.

ಹಾಗಾದರೆ ಕನ್ನಡ ಸಾಹಿತ್ಯ ನಿಜವಾಗಿಯೂ ಬೂಸವೇ? ಈ ಪ್ರಶ್ನೆಯನ್ನು ಗದ್ದಲವಿಲ್ಲದೆ ಕೇಳಿಕೊಂಡಿದ್ದರೆ ಅಂದಿನ ಕನ್ನಡ ಅಭಿಮಾನಿಗಳಿಗೇ ಒಳ್ಳೆಯ ಉತ್ತರಗಳು ಸಿಕ್ಕುತ್ತಿದ್ದುವು. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಬತ್ತಕ್ಕೂ ರಾಗಿಗೂ ಯಾರು ಹೆಚ್ಚೆಂಬ ಜಗಳವಾಗುತ್ತದೆ. ಬತ್ತವು ತನ್ನ ಕುಲವನ್ನು ಹೊಗಳಿಕೊಂಡು ರಾಗಿಯನ್ನು ಹೀಯಾಳಿಸುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರತೆಗೆದು ನೋಡಿದಾಗ ಬತ್ತವು ಸೊರಗಿರುತ್ತದೆ, ರಾಗಿಯು ಕೆಡದೆ ನಿಂತಿರುತ್ತದೆ. ರಾಗಿಯ ಮುದ್ದೆಯುಂಡು ಬದುಕುವ ಮೈಸೂರು ಸೀಮೆಯ ಬಡವನ ಪರವಾಗಿ ಹದಿನಾರನೆಯ ಶತಮಾನದಲ್ಲಿಯೇ ಹೂಡಿದ ವ್ಯಾಜ್ಯವದು. ತೀರ್ಪನ್ನು ಕೊಟ್ಟವನು ಸಾಕ್ಷಾತ್ ಶ್ರೀರಾಮ! ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಚೋಮನಲ್ಲಿ ಎರಡು ಎತ್ತುಗಳಿದ್ದುವು, ಚುಂಚನಕಟ್ಟೆಯ ಯಾವ ರೈತನಂತೆಯೇ ಅವನೂ ಅವುಗಳನ್ನು ಪ್ರೀತಿಯಿಂದ ಸಾಕಿದ್ದ. ಉಳುವುದಕ್ಕೆ ನೆಲ ಮಾತ್ರ ಇರಲಿಲ್ಲ. ಅವನ ಜಾತಿಗೆ ಬೇಸಾಯದ ಭಾಗ್ಯವಿರಲಿಲ್ಲ.

ಇಂತಹ ಕೃತಿಗಳನ್ನು ಎತ್ತಿ ತೋರಿಸಿ, ಅಯ್ಯಾ, ಇದೂ ಕನ್ನಡವೇ ಎಂದು ಮಂತ್ರಿಗಳಿಗೆ ಹೇಳಬಹುದಾಗಿತ್ತು. ಅವರು ಸುಮ್ಮನಾಗುತ್ತಿದ್ದರೆ? ಸಂದೇಹ. ಚೋಮನ ಕಥೆಯನ್ನು ಚೋಮನೇ ಬರೆದಿಲ್ಲವಲ್ಲ ಎಂದು ಅವರು ತಿರುಗಿ ಕೇಳಬಹುದಾಗಿತ್ತು. ಚುಂಚನಕಟ್ಟೆಯ ಸ್ಥಳಪುರಾಣದಲ್ಲಿಯೇ ಇದರ ಒಂದು ಸುಳಿವಿದೆ. ಊರಿಗೆ ಹೆಸರು ಬಂದುದು ಚುಂಚ, ಚುಂಚಿಯರೆಂಬ ಕಾಡಿನ ದಂಪತಿಗಳಿಂದ ಎನ್ನುತ್ತಾರೆ. ಕಥೆ ಹರಿಯುವುದು ಮಾತ್ರ ಅಲ್ಲಿಗೆ ಬಂದ ರಾಮ, ಲಕ್ಷ್ಮಣ, ಸೀತೆಯರನ್ನು ಹಿಂಬಾಲಿಸಿ. ನೆಲಕ್ಕೆ ತಮ್ಮ ಹೆಸರನ್ನು ಕೊಟ್ಟವರು ಆ ನೆಲದ ಕಥೆಯಲ್ಲಿ ಒಂದೆರಡು ವಾಕ್ಯಗಳಿಗೆ ಮುಗಿದುಹೋಗುತ್ತಾರೆ.

ಆ ತಿರುಗುಪ್ರಶ್ನೆಗೆ ಉತ್ತರ ಬಂದುದು ಪೆಟ್ಟು ತಿಂದವರ ಕಡೆಯಿಂದ. ದೇವನೂರ ಮಹಾದೇವ ಅವರ ‘ದ್ಯಾವನೂರು’ ಕಥಾಸಂಕಲನ ಪ್ರಕಟವಾದುದು ಅದೇ 1973ರಲ್ಲಿ. ಮೈಸೂರಿನಿಂದ ‘ಪಂಚಮ’ ಪತ್ರಿಕೆ ಹೊರಟಿತು. ಗಲಭೆಯ ದಿನಗಳಲ್ಲಿ ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಿತು. ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ನೇತೃತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡು ಹಳ್ಳಿಹಳ್ಳಿಗೆ ಹರಡಿತು. ಹಾಡು, ಮೆರವಣಿಗೆ, ಅಧ್ಯಯನ ಶಿಬಿರ: ಅದರ ಆಯುಧಗಳು ಇವು. ಅಷ್ಟಾದರೂ ಸಾಹಿತ್ಯದ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂದು ಕೇಳಿದಾಗ ಅದು ದೊರೆಯಲಿಲ್ಲ. ಸಾಹಿತಿಗಳು ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನವನ್ನು ನಡೆಸಿದರು, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ದೇವನೂರರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯನವರೇ ಅಧ್ಯಕ್ಷರಾದರು. ಬೂಸದ ದಿನಗಳಲ್ಲಿ ಕನ್ನಡದ ವೈರಿಗಳೆಂದು ಯಾರನ್ನು ಬೆರಳು ಮಾಡಿ ತೋರಿಸಲಾಗಿತ್ತೋ ಅವರ ಬರಹವನ್ನು ಇಂದು ಕನ್ನಡ ಎಂ.ಎ. ತರಗತಿಯ ಹುಡುಗರು ಪರೀಕ್ಷೆಗೆ ಓದುತ್ತಾರೆ.

ಸಾಹಿತ್ಯದ ಮಾತು ಹೀಗೆ ಒಂದು ದಡ ಸೇರಿತು. ಊರಿನ ಮಾತು ಬೇರೆ. ಮೈಸೂರಿಗೆ ಅನತಿದೂರದ, ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1993ರಲ್ಲಿ ದೇವಾಲಯ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. 2000ದಲ್ಲಿ ಕೋಲಾರದ ಕಡೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಮೊಕದ್ದಮೆಯ ಆರೋಪಿಗಳು 2006ರಲ್ಲಿ ಖುಲಾಸೆಯಾದರು. ಒಂದು ಪದಕ್ಕಾಗಿ 1973ರಲ್ಲಿ ಬೀದಿಗಿಳಿದ ಕಾಲೇಜುಗಳು ಈ ಏಳು ಜೀವಗಳಿಗಾಗಿ ಅಷ್ಟು ದಿನ, ಅಷ್ಟು ಜೋರಾಗಿ ಬೀದಿಗಿಳಿಯಲಿಲ್ಲ.

ಬಸವಲಿಂಗಪ್ಪನವರ ಭಾಷಣದ ಇನ್ನೊಂದು ಭಾಗ, ಇಂಗ್ಲಿಷ್ ಕಲಿಯಿರೆಂಬ ಬುದ್ಧಿವಾದ, ಗದ್ದಲದಲ್ಲಿ ಹಿಂದೆ ಬಿದ್ದಿತು. ಅದರ ಕಥೆ ಎಲ್ಲಕ್ಕಿಂತ ಸ್ವಾರಸ್ಯವಾದುದು. ಅದನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸಿದವರು ನಗರಗಳ ಅನುಕೂಲಸ್ಥ ಕುಟುಂಬದವರು. ಅವರ ಮನೆಗಳ ಮಕ್ಕಳು ಬೆಳಗ್ಗೆ ಕಂಠಕೌಪೀನ ಕಟ್ಟಿಕೊಂಡು ಇಂಗ್ಲಿಷ್ ಶಾಲೆಯ ಬಸ್ಸನ್ನು ಹತ್ತುತ್ತಾರೆ. ಸರ್ಕಾರದ ಕನ್ನಡ ಶಾಲೆಯಲ್ಲಿ ಉಳಿದವರು ಹೆಚ್ಚಾಗಿ ಬಡವರ ಮಕ್ಕಳು. 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನು ನೀಡಹೋದಾಗ ಅದನ್ನು ನಿರಾಕರಿಸಿ, ಮೊದಲು ಪ್ರಾಥಮಿಕ ಶಿಕ್ಷಣವು ಕನ್ನಡದಲ್ಲಿ ನಡೆಯಲಿ ಎಂದವರು ದೇವನೂರ ಮಹಾದೇವ.