ಕಡಲಿನ ಉಸಿರು ಎಣಿಸುವ ಕೊಳವೆ

ವಿಜಯಪುರ ಜಿಲ್ಲೆಯ ಅರಕೇರಿಯಿಂದ ತಿಕೋಟಾ ಕಡೆ ಹೋದರೆ ದ್ರಾಕ್ಷಿ ತೋಟಗಳ ಮಗ್ಗುಲಲ್ಲಿ ಕೃಷಿ ಹೊಂಡಗಳು ಕಾಣುತ್ತವೆ. ಹೊಂಡದಲ್ಲಿ ಮೀನುಮರಿ ಬಿಟ್ಟವರಿಗೆ ಒಂದು ಸಂಗತಿ ಗೊತ್ತು. ನೀರು ತೀರ ಹಸಿರುಗಟ್ಟಿದರೆ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ, ಬಿಸಿಲೇರಿದ ಮೇಲೆ ಸುಧಾರಿಸಿಕೊಳ್ಳುತ್ತವೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ಕೆಸರಿನ ಸೂಕ್ಷ್ಮಜೀವಿಗಳು ಎಲ್ಲ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಹಗಲಿನ ಏರಿಕೆ, ರಾತ್ರಿಯ ಇಳಿಕೆ ಎರಡನ್ನೂ ಅಳೆದರೆ ಹೊಂಡದಲ್ಲಿ ಎಷ್ಟು ಪಾಚಿ ಬೆಳೆಯಿತೆಂದು ಲೆಕ್ಕ ಹಾಕಬಹುದು.

ಇದೇ ಲೆಕ್ಕವನ್ನು ಇಡೀ ಸಾಗರಕ್ಕೆ ಹಾಕಲು ಹೊರಟಿರುವುದು ಅರ್ಗೋ ಎಂಬ ತೇಲುಕೊಳವೆ. ಆಳೆತ್ತರದ ಈ ಕೊಳವೆಗಳು ಜಗತ್ತಿನ ಸಮುದ್ರಗಳಲ್ಲಿ ಈಗ ಸುಮಾರು 4,000 ಇವೆ. ಸಾವಿರ ಮೀಟರ್ ಆಳದಲ್ಲಿ ಪ್ರವಾಹದ ಜೊತೆ ಅಲೆಯುತ್ತ ಇದ್ದು, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಅಲ್ಲಿಂದ ನೀರನ್ನು ಪರೀಕ್ಷಿಸುತ್ತ ಮೇಲೇರುತ್ತವೆ. ಒಳಗಿನ ಪಂಪು ಹೊರಚೀಲಕ್ಕೆ ಎಣ್ಣೆ ತಳ್ಳಿದರೆ ಕೊಳವೆ ಹಗುರಾಗಿ ಏರುತ್ತದೆ, ಎಣ್ಣೆ ಒಳಗೆಳೆದರೆ ಮುಳುಗುತ್ತದೆ. ಮೀನಿನ ಗಾಳಿಚೀಲವೂ ಹೀಗೇ. ಮೇಲೆ ಬಂದಾಗ ಉಪಗ್ರಹಕ್ಕೆ ವರದಿ ಒಪ್ಪಿಸಿ ಮತ್ತೆ ಮಾಯ.

ಮೊದಮೊದಲು ಇವು ಅಳೆಯುತ್ತಿದ್ದುದು ಉಷ್ಣತೆ ಮತ್ತು ಉಪ್ಪಿನಂಶ ಮಾತ್ರ. ಜೀವರಾಸಾಯನಿಕ ಅರ್ಗೋ ಎಂಬ ಹೊಸ ಪೀಳಿಗೆ ಆಮ್ಲಜನಕ, ನೈಟ್ರೇಟ್, ಆಮ್ಲೀಯತೆ, ಪತ್ರಹರಿತ್ತು, ತೇಲುಕಣ, ಬೆಳಕು ಎಲ್ಲವನ್ನೂ ಅಳೆಯುತ್ತದೆ. ನೈಟ್ರೇಟ್ ಅಳೆಯಲು ರಾಸಾಯನಿಕ, ಪರೀಕ್ಷಾನಳಿಕೆ ಬೇಕಿಲ್ಲ. ಅತಿನೇರಳೆ ಬೆಳಕು ಹಾಯಿಸಿ, ನೀರು ಅದನ್ನು ಎಷ್ಟು ಹೀರಿತೆಂದು ನೋಡಿದರೆ ಆಯಿತು. ಸಸ್ಯಪ್ಲವಕ, ಅಂದರೆ ಕಡಲಿನ ಸೂಕ್ಷ್ಮ ಪಾಚಿ, 16 ಪಾಲು ಸಾರಜನಕ ಉಂಡರೆ ಸುಮಾರು 106 ಪಾಲು ಇಂಗಾಲ ಕಟ್ಟಿಕೊಳ್ಳುತ್ತದೆ. ರೆಡ್‌ಫೀಲ್ಡ್ ಎಂಬ ಅಮೆರಿಕನ್ ವಿಜ್ಞಾನಿಯ ಹೆಸರಿನ ಅನುಪಾತವಿದು. ನೈಟ್ರೇಟ್ ಎಷ್ಟು ಇಳಿಯಿತೆಂದು ತಿಳಿದರೆ ಬೆಳೆ ಎಷ್ಟೆಂದು ಅಂದಾಜಾಗುತ್ತದೆ.

ಆದರೆ ಸಂವೇದಕಗಳು ವರ್ಷಗಟ್ಟಲೆ ನೀರಲ್ಲಿದ್ದರೆ ಅಳತೆ ಜಾರುತ್ತದೆ, ದುರಸ್ತಿಗೆ ಹೋಗುವವರಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಮೇಲೆ ಬಂದಾಗ ಆಮ್ಲಜನಕ ಸಂವೇದಕ ನೀರಿನಿಂದ ತಲೆ ಎತ್ತಿ ಗಾಳಿಯನ್ನೇ ಅಳೆಯುತ್ತದೆ. ಗಾಳಿಯಲ್ಲಿ ಆಮ್ಲಜನಕ ಎಷ್ಟೆಂಬುದು ಗೊತ್ತೇ ಇದೆಯಲ್ಲ, ಅದಕ್ಕೆ ಹೋಲಿಸಿ ಸಂವೇದಕದ ತಪ್ಪು ತಿದ್ದಬಹುದು.

ಅಮೆರಿಕದ ಮಾಂಟೆರೆ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆಯ ಕೆನ್ ಜಾನ್ಸನ್ ಮತ್ತು ಮರಿಯಾನಾ ಬಿಫ್, ಬೇರೆ ಬೇರೆ ಹೊತ್ತಿಗೆ ಮೇಲೆ ಬಂದ ಕೊಳವೆಗಳ ಆಮ್ಲಜನಕದ ಅಂಕಿಗಳನ್ನು ಗಂಟೆವಾರು ಜೋಡಿಸಿ ಹಗಲು-ರಾತ್ರಿಯ ಏರಿಳಿತ ಕಂಡುಹಿಡಿದರು. 2021ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಸಾಗರದ ಪ್ಲವಕಗಳು ವರ್ಷಕ್ಕೆ ಸುಮಾರು 5,300 ಕೋಟಿ ಟನ್ ಇಂಗಾಲ ಕಟ್ಟುತ್ತವೆ. ಹೊಂಡದ ಲೆಕ್ಕವೇ, ಗಾತ್ರ ಮಾತ್ರ ಬೇರೆ.

ಅರಬ್ಬೀ ಸಮುದ್ರಕ್ಕಂತೂ ಈ ಕೊಳವೆ ಬೇಕೇ ಬೇಕು. ಮುಂಗಾರಿನಲ್ಲಿ ನಮ್ಮ ಕರಾವಳಿಯಲ್ಲಿ ತಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ, ಪ್ಲವಕ ಹುಲುಸಾಗಿ ಬೆಳೆಯುತ್ತದೆ, ಬೂತಾಯಿ ಮೀನಿಗೆ ಹಬ್ಬ. ಅದೇ ಹೊತ್ತಿಗೆ ಮೋಡ ಕವಿದು, ನೀರಿನ ಬಣ್ಣ ನೋಡುವ ಉಪಗ್ರಹಕ್ಕೆ ಕಣ್ಣು ಕಟ್ಟಿದಂತಾಗುತ್ತದೆ. ಜೂನ್–ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಹೀಗೆ ಕಡಲು ಅತಿ ಹೆಚ್ಚು ಬೆಳೆಯುವಾಗಲೇ ನೋಡುವವರು ಕಡಿಮೆ. ಮೇಲೇಳುವ ಆ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದು ಮತ್ತೊಂದು ತಲೆನೋವು; ಅದು ದಡದ ಹತ್ತಿರ ಬಂದರೆ ಮೀನುಗಳು ಜಾಗ ಬಿಡುತ್ತವೆ.

ಭಾರತದ ಅರ್ಗೋ ಕೊಳವೆಗಳನ್ನು ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯ್ಸ್, ನಮ್ಮ ಕರಾವಳಿಯ ಮೀನುಗಾರರಿಗೆ ಮೀನಿರುವ ತಾಣದ ಸೂಚನೆ ಕಳಿಸುವ ಸಂಸ್ಥೆಯೂ ಅದೇ. ಅಲ್ಲಿದ್ದ ಎಂ. ರವಿಚಂದ್ರನ್ ಮತ್ತು ಸಹೋದ್ಯೋಗಿಗಳು ಆಗ್ನೇಯ ಅರಬ್ಬೀ ಸಮುದ್ರದ ಪತ್ರಹರಿತ್ತಿನ ಏರಿಳಿತವನ್ನು ಇಂಥ ಕೊಳವೆಗಳಿಂದಲೇ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು.

ಕೊಳವೆಗಳ ಆಯಸ್ಸು ಕೆಲವೇ ವರ್ಷ. ಬ್ಯಾಟರಿ ಮುಗಿದ ಮೇಲೆ ಬಹುಪಾಲು ಕಡಲಿನ ಪಾಲಾಗುತ್ತವೆ, ಇದು ಈ ವಿದ್ಯೆಯ ಮೇಲಿರುವ ನ್ಯಾಯವಾದ ದೂರು. ಅವು ಕಳಿಸಿದ ಅಂಕಿಗಳು ಮಾತ್ರ ಎಲ್ಲರಿಗೂ ಉಚಿತ. ವಿಜಯಪುರ ಜಿಲ್ಲೆಯ ಕಾಲೇಜು ಮೇಷ್ಟ್ರುಗಳು ಒಂದು ಕೊಳವೆಯನ್ನು ಆರಿಸಿಕೊಂಡು, ವರ್ಷವಿಡೀ ಅದರ ಆಮ್ಲಜನಕದ ನಕ್ಷೆಯನ್ನು ವಿದ್ಯಾರ್ಥಿಗಳಿಂದ ಬರೆಸಲಿ. ಜೊತೆಗೆ ಹತ್ತಿರದ ಹೊಂಡದ್ದೂ ಒಂದಿರಲಿ.