ಒಂದೇ ತಂತಿಯ ಹಾಡು
ಸಂಜೆ ಹೊತ್ತು ಸೊಲ್ಲಾಪುರದ ನವಿ ಪೇಠಕ್ಕೆ ಹೋದರೆ ಅಂಗಡಿಗೊಂದು ಸ್ಪೀಕರು, ಸ್ಪೀಕರಿಗೊಂದು ಹಾಡು. ಸುತ್ತ ಮರಾಠಿ, ಹಿಂದಿ. ನಡುವೆ ಅಕ್ಕಲಕೋಟೆ ಕಡೆಯಿಂದ ಬಟ್ಟೆಬರೆ ಕೊಳ್ಳಲು ಬಂದವರ ಕನ್ನಡ. ಅವರ ಊರಿನ ತತ್ವಪದಗಳ ಭಜನೆಗೆ ಈ ಸದ್ದೇನೂ ಬೇಡ. ಒಂದು ಏಕತಾರಿ, ಒಂದು ದಮ್ಮಡಿ, ಒಂದು ಜೊತೆ ತಾಳ ಇದ್ದರೆ ರಾತ್ರಿಯಿಡೀ ನಡೆಯುತ್ತದೆ.

ಏಕತಾರಿಯನ್ನು ಕೈಗೆತ್ತಿಕೊಂಡೇ ನೋಡಬೇಕು. ಒಣಗಿದ ಬುರುಡೆ, ಅದರ ಬಾಯಿಗೆ ಬಿಗಿದ ತೊಗಲು, ತೂರಿಸಿದ ಬಿದಿರ ಕೋಲು, ಮೇಲೆ ಒಂದೇ ತಂತಿ. ಹಾಡುವವರು ಬಿರಡೆ ತಿರುವಿ ತಂತಿಯನ್ನು ತಮ್ಮ ದನಿಗೆ ಹೊಂದಿಸಿಕೊಳ್ಳುತ್ತಾರೆ. ಆಮೇಲೆ ಅದು ಬೇರೆ ಸ್ವರ ನುಡಿಯುವುದಿಲ್ಲ. ತೋರುಬೆರಳು ಮೀಟಿದ ನಾದವೇ ಶ್ರುತಿ, ಮೀಟುವ ಗತಿಯೇ ಲಯ. ಬೇರೆ ಆಸರೆ ಇಲ್ಲದ್ದರಿಂದ ಹಾಡುವವರು ಮಾತನ್ನೇ ನೆಚ್ಚಬೇಕು. ಮೇಳದವರು ಪಲ್ಲವಿ ಎತ್ತಿಕೊಂಡಾಗ ಹಾಡುವವರಿಗೆ ಉಸಿರು ಸಿಗುತ್ತದೆ, ಕೇಳುವವರಿಗೆ ಹಿಂದಿನ ನುಡಿಯ ಒಗಟು ಬಿಡಿಸಿಕೊಳ್ಳಲು ಹೊತ್ತು ಸಿಗುತ್ತದೆ. ಒಗಟೇ ತತ್ವಪದದ ಜೀವಾಳ.

ಶಿಶುನಾಳ ಷರೀಫರು (1819–1889), ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರು, ಹೀಗೆ ಈ ಪದಗಳ ಗುರುಮನೆ ದೊಡ್ಡದು. ಸೊಲ್ಲಾಪುರ, ಅಕ್ಕಲಕೋಟೆಗಳನ್ನು ಕರ್ನಾಟಕದಿಂದ ಬೇರೆ ಮಾಡಿದ ರಾಜ್ಯದ ಗಡಿ ಬಿದ್ದದ್ದು 1956ರಲ್ಲಿ. ಪದಗಳಿಗೆ ಆ ಗೆರೆ ಇಲ್ಲ.

ದೊಡ್ಡ ಮೇಳವೂ ಷರೀಫರಿಗೆ ಒದಗಿದೆ. ನಾಗಾಭರಣರ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಿ. ಅಶ್ವತ್ಥ್ ಸಂಗೀತ ಕೊಟ್ಟರು. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್, 2008ರ ತಮ್ಮ ಮೊದಲ ಆಲ್ಬಂನಲ್ಲಿ ಷರೀಫರ ಎರಡು ಪದಗಳನ್ನು ಗಿಟಾರು, ಡ್ರಮ್ಮಿನೊಂದಿಗೆ ಹಾಡಿದರು. ಕಾಲೇಜು ಹುಡುಗರ ಬಾಯಿಗೆ ಷರೀಫರ ಹೆಸರು ಬಂದದ್ದು ಇಂಥವರಿಂದ. ಆ ಉಪಕಾರ ಸಣ್ಣದಲ್ಲ. ಆದರೂ ಗಿಟಾರಿನ ಹಾಡು ನನ್ನ ಕಾಲು ಕುಣಿಸಿತು, ಏಕತಾರಿಯ ಹಾಡು ಕೂತಲ್ಲೇ ಕೂರಿಸಿತು. ಸಾವಾದ ಮನೆಯ ಮುಂದೆ ಬೆಳಗಾಗುವತನಕ ನಡೆಯುವ ಭಜನೆಯಲ್ಲಿ ಕೂತವರಿಗೆ ಇದು ಗೊತ್ತು. ದಮ್ಮಡಿ ನಿಂತು ತಂತಿಯೊಂದೇ ಉಳಿದ ಗಳಿಗೆಯಲ್ಲಿ ಅಳುವವರೂ ಸುಮ್ಮನಾಗಿ ಕೇಳುತ್ತಾರೆ.

ಗಿಟಾರಿನ ಮೂಲಕ ಷರೀಫರ ಹತ್ತಿರ ಬಂದವರು ಇನ್ನೊಂದು ಹೆಜ್ಜೆ ಮುಂದೆ ಬರಬೇಕು. ಶ್ರಾವಣದಲ್ಲಿ ಅಕ್ಕಲಕೋಟೆ ಕಡೆ ಬನ್ನಿ. ಭಜನೆ ನಡೆದಲ್ಲಿ ಚಾಪೆಯ ಮೇಲೆ ಕೂತುಕೊಳ್ಳಿ, ಮೊಬೈಲು ಜೇಬಿನಲ್ಲೇ ಇರಲಿ, ಪಲ್ಲವಿ ಬಂದಾಗ ನಿಮ್ಮ ದನಿಯನ್ನೂ ಕೂಡಿಸಿ.